ಗಾಡಿ ತಾನಾಗೇ ರೇಸ್ ಆಗೋದು ಯಾಕೆ? ಸಾಫ್ಟ್‌ವೇರ್ ಅಪ್‌ಡೇಟ್ ಸರಿ ಮಾಡೋದು ಏನನ್ನ?

ಈ ಪಾಡ್‌ಕಾಸ್ಟ್‌ನಲ್ಲಿ ನಾನು ಸಾಮಾನ್ಯವಾಗಿ ಜೀವಕೋಶ, ಪ್ರೋಟೀನು, ಬ್ಯಾಕ್ಟೀರಿಯಾ ಅಂತ ಮಾತಾಡ್ತಿರ್ತೀನಿ. ಇವತ್ತಿನ ವಿಷಯ ಕಾರು. ಜೀವಶಾಸ್ತ್ರದೋಳಿಗೆ ಕಾರಿನ ಉಸಾಬರಿ ಯಾಕೆ ಅಂತ ನಿಮಗನ್ನಿಸಬಹುದು. ಸ್ವಲ್ಪ ಹೊತ್ತು ಕೇಳಿ, ಎರಡಕ್ಕೂ ಇರೋ ನಂಟು ತಾನಾಗೇ ಕಾಣುತ್ತೆ.

ನ್ಯೂಜೆರ್ಸಿಯಲ್ಲಿರುವ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಪೆಟ್ರೋಲ್ ಕಾರು ಸಿಗ್ನಲ್‌ನಲ್ಲಿ ನಿಂತಾಗ ಸುಮ್ಮನೆ ನಿಲ್ಲೋದಿಲ್ಲ. ಆಕ್ಸಿಲರೇಟರ್ ಮೇಲೆ ಕಾಲೇ ಇರಲ್ಲ, ಆದರೂ ಆರ್‌ಪಿಎಂ ಮುಳ್ಳು 700ರಿಂದ 1,300ಕ್ಕೆ ಏರುತ್ತೆ, 600ಕ್ಕೆ ಬೀಳುತ್ತೆ, ಮತ್ತೆ ಏರುತ್ತೆ. ಒಂದು ದಿನ ಮಗಳ ಶಾಲೆ ಮುಂದೆ ಪಾರ್ಕ್ ಮಾಡುವಾಗ ಗಾಡಿ ಒಂದು ಅಡಿ ಮುಂದಕ್ಕೆ ನುಗ್ಗಿತಂತೆ. ಸರ್ವೀಸ್ ಸೆಂಟರ್‌ನವರು ಮೊದಲ ಸಲ, "ನಾವು ಓಡಿಸಿದಾಗ ಹಾಗೇನೂ ಆಗಲಿಲ್ಲ" ಅಂದರು. ಎರಡನೇ ಸಲ, "ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದ್ದೀವಿ, ಇನ್ನು ಸರಿಹೋಗುತ್ತೆ" ಅಂದರು. ಹತ್ತು ದಿನ ಗಾಡಿ ಚೆನ್ನಾಗಿತ್ತು. ಈಗ ಮತ್ತೆ ಶುರುವಾಗಿದೆ. ವಾರಂಟಿ ಮುಗಿಯೋಕೆ ಎರಡು ತಿಂಗಳಿದೆ. ಅವರು ಕೇಳಿರೋದು ಇಷ್ಟೇ: "ಈ ಅಪ್‌ಡೇಟ್ ನಿಜವಾಗಿ ಏನಾದ್ರೂ ಮಾಡುತ್ತಾ, ಇಲ್ಲಾ ನಮ್ಮನ್ನ ಸಾಗಹಾಕೋಕೆ ಹೇಳೋ ಮಾತಾ?"

ಒಳ್ಳೇ ಪ್ರಶ್ನೆ. ಇದಕ್ಕೆ ಹೌದು ಅಥವಾ ಅಲ್ಲ ಅಂತ ಒಂದೇ ಮಾತಲ್ಲಿ ಉತ್ತರ ಹೇಳೋಕಾಗಲ್ಲ. ಆದರೆ ಆ ಉತ್ತರವನ್ನ ನೀವೇ ಕಂಡುಹಿಡಿಯೋದು ಹೇಗೆ ಅಂತ ಹೇಳಬಹುದು. ಅದಕ್ಕೂ ಮುಂಚೆ ಇಂಜಿನ್ ಯಾಕೆ ಹೀಗೆ ಏರಿಳಿಯುತ್ತೆ ಅನ್ನೋದು ಅರ್ಥವಾಗಬೇಕು.

ಇನ್ನೂರು ವರ್ಷ ಹಳೇ ತೊಂದರೆ

ಇದು ಕಂಪ್ಯೂಟರ್ ಬಂದಮೇಲೆ ಹುಟ್ಟಿದ ಕಾಯಿಲೆ ಅಲ್ಲ. ಜೇಮ್ಸ್ ವಾಟ್ 1788ರಲ್ಲಿ ತನ್ನ ಉಗಿಯಂತ್ರಕ್ಕೆ ಗವರ್ನರ್ ಅನ್ನೋ ಸಾಧನ ಜೋಡಿಸಿದ. ಎರಡು ಕಬ್ಬಿಣದ ಗುಂಡುಗಳು ಗಿರಗಿರ ತಿರುಗ್ತವೆ. ಯಂತ್ರದ ವೇಗ ಹೆಚ್ಚಾದರೆ ಗುಂಡುಗಳು ಹೊರಕ್ಕೆ ಹಾರುತ್ತವೆ, ಅದರಿಂದ ಉಗಿಯ ಕವಾಟ ಸ್ವಲ್ಪ ಮುಚ್ಚಿಕೊಳ್ಳುತ್ತೆ. ವೇಗ ಕಡಿಮೆಯಾದರೆ ಗುಂಡುಗಳು ಇಳಿದು ಕವಾಟ ತೆರೆಯುತ್ತೆ. ಯಾರೂ ಕಾವಲು ಕೂರಬೇಕಿಲ್ಲ, ಯಂತ್ರ ತನ್ನನ್ನ ತಾನೇ ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುತ್ತೆ.

ಆದರೆ ಕೆಲವು ಯಂತ್ರಗಳಲ್ಲಿ ವೇಗ ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಹೆಚ್ಚಾಯ್ತು ಅಂತ ಗವರ್ನರ್ ಕಡಿಮೆ ಮಾಡೋದು, ಅದು ಅತಿಯಾಗಿ ಕಡಿಮೆಯಾಗೋದು, ಆಮೇಲೆ ಅತಿಯಾಗಿ ಹೆಚ್ಚು ಮಾಡೋದು. ಇಂಜಿನಿಯರುಗಳು ಇದನ್ನ ಹಂಟಿಂಗ್ ಅಂತ ಕರೆದರು. ಯಂತ್ರ ಸರಿಯಾದ ವೇಗವನ್ನ ಬೇಟೆಯಾಡ್ತಾ ಅಲೀತಿದೆ ಅನ್ನೋ ಅರ್ಥದಲ್ಲಿ. 1868ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್, ವಿದ್ಯುತ್ಕಾಂತೀಯ ಸಮೀಕರಣಗಳ ಅದೇ ಮ್ಯಾಕ್ಸ್‌ವೆಲ್, ಗವರ್ನರ್‌ಗಳ ಬಗ್ಗೆಯೇ ಒಂದು ಪ್ರಬಂಧ ಬರೆದ. ತಪ್ಪನ್ನ ತಿದ್ದೋ ವ್ಯವಸ್ಥೆಯೇ ಯಾವಾಗ ಏರಿಳಿತವನ್ನ ಬೆಳೆಸುತ್ತೆ, ಯಾವಾಗ ಅಡಗಿಸುತ್ತೆ ಅನ್ನೋದನ್ನ ಗಣಿತದಲ್ಲಿ ತೋರಿಸಿದ.

ಅಂದರೆ ಎಲ್ಲ ಭಾಗಗಳೂ ಸರಿಯಾಗಿದ್ದು, ತಿದ್ದೋ ನಿಯಮ ಮಾತ್ರ ಸರಿಯಿಲ್ಲದಿದ್ದರೂ ಇಂಜಿನ್ ಏರಿಳಿಯಬಹುದು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ತಡವಾಗಿ ಬರೋ ಸುದ್ದಿ

ಊರಲ್ಲಿ ಮೂರು ಅಂತಸ್ತಿನ ಮನೆಯ ಕೆಳಗಿನ ಬಚ್ಚಲಲ್ಲಿ ಸ್ನಾನ ಮಾಡಿದ್ದೀರಾ? ಟೆರೇಸ್ ಮೇಲೆ ಸೋಲಾರ್ ಹೀಟರ್ ಇರುತ್ತೆ. ಬಿಸಿನೀರಿನ ನಲ್ಲಿ ತಿರುಗಿಸ್ತೀರಿ, ತಣ್ಣೀರೇ ಬರುತ್ತೆ. ಇನ್ನಷ್ಟು ತಿರುಗಿಸ್ತೀರಿ. ಆಮೇಲೆ ಒಮ್ಮೆಗೇ ಸುಡುನೀರು! ಗಾಬರಿಯಾಗಿ ಪೂರ್ತಿ ಮುಚ್ತೀರಿ, ಮತ್ತೆ ತಣ್ಣಗೆ. ನಲ್ಲಿ ಕೆಟ್ಟಿಲ್ಲ, ಹೀಟರ್ ಕೆಟ್ಟಿಲ್ಲ. ನೀವು ಮಾಡಿದ್ದರ ಫಲ ನಿಮ್ಮ ಕೈಗೆ ತಡವಾಗಿ ತಿಳೀತು, ಅಷ್ಟರಲ್ಲಿ ನೀವು ಜೋರಾಗಿ ತಿರುಗಿಸಿಬಿಟ್ಟಿದ್ರಿ. ತಡ ಹೆಚ್ಚಿದ್ದು, ತಿದ್ದೋ ಕೈ ಬಿರುಸಾಗಿದ್ದರೆ ಏರಿಳಿತ ಖಂಡಿತ.

ಕಾರಿನಲ್ಲಿ ಆ ನಲ್ಲಿ ತಿರುಗಿಸೋ ಕೈ ಅಂದರೆ ಇಂಜಿನ್ ಕಂಟ್ರೋಲ್ ಯೂನಿಟ್, ಚಿಕ್ಕದಾಗಿ ಇಸಿಯು. ಎಷ್ಟು ಗಾಳಿ ಒಳಗೆ ಬರ್ತಿದೆ ಅಂತ ಒಂದು ಸೆನ್ಸರ್ ಅಳೆಯುತ್ತೆ. ಶುದ್ಧ ಪೆಟ್ರೋಲಿಗೆ, 1 ಗ್ರಾಂ ಇಂಧನ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಲೆಕ್ಕದಲ್ಲಿ ಇಸಿಯು ಪೆಟ್ರೋಲ್ ಸಿಂಪಡಿಸುತ್ತೆ. ಲೆಕ್ಕ ಸರಿಹೋಯ್ತಾ ಅಂತ ಹೊಗೆ ಕೊಳವೆಯಲ್ಲಿರೋ ಆಕ್ಸಿಜನ್ ಸೆನ್ಸರ್ ಹೇಳುತ್ತೆ. ಆಕ್ಸಿಜನ್ ಜಾಸ್ತಿ ಉಳಿದಿದ್ದರೆ ಪೆಟ್ರೋಲ್ ಸಾಲದು, ಉಳಿಯದಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ.

ತಡ ಆಗೋದು ಇಲ್ಲಿ. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಒಂದು ಪೂರ್ತಿ ಆವರ್ತಕ್ಕೆ ಎರಡು ಸುತ್ತು ಬೇಕು. 3,000 ಆರ್‌ಪಿಎಂನಲ್ಲಿ ಅದಕ್ಕೆ ಹಿಡಿಯೋದು 0.04 ಸೆಕೆಂಡ್. ಐಡ್ಲಿಂಗ್‌ನಲ್ಲಿ, ಅಂದರೆ 750 ಆರ್‌ಪಿಎಂನಲ್ಲಿ, 0.16 ಸೆಕೆಂಡ್. ನಾಲ್ಕು ಪಟ್ಟು ತಡ. ಅದರ ಮೇಲೆ ಹೊಗೆ ನಿಧಾನವಾಗಿ ಹರಿದು ಸೆನ್ಸರ್ ಮುಟ್ಟಬೇಕು. ಹೈವೇಯಲ್ಲಿ ಗಾಡಿ ಬೆಣ್ಣೆ ತರ ಹೋಗುತ್ತೆ, ಸಿಗ್ನಲ್‌ನಲ್ಲಿ ಮಾತ್ರ ರೇಸ್ ಆಗುತ್ತೆ ಅನ್ನೋರಿಗೆ ಕಾರಣದ ಒಂದು ಭಾಗ ಇಲ್ಲಿದೆ. ನಿಂತಿರೋ ಇಂಜಿನ್ನನ್ನ ನಿಭಾಯಿಸೋದೇ ಇಸಿಯುಗೆ ಕಷ್ಟದ ಕೆಲಸ.

ಈಗ ಒಂದು ರಬ್ಬರ್ ಪೈಪ್ ಬಿರುಕು ಬಿಟ್ಟಿದೆ ಅಂದುಕೊಳ್ಳಿ. ಗಾಳಿ ಅಳೆಯೋ ಸೆನ್ಸರ್ ಆದಮೇಲಿನ ಪೈಪು. ಆ ಬಿರುಕಿನಿಂದ ನುಸುಳೋ ಗಾಳಿ ಲೆಕ್ಕಕ್ಕೇ ಸಿಗಲ್ಲ, ಕಳ್ಳಗಾಳಿ ಅನ್ನಿ. ಥ್ರಾಟಲ್ ಮುಚ್ಚಿದ್ದರೂ ಗಾಳಿ ಬರ್ತಿರೋದರಿಂದ ಇಂಜಿನ್ ವೇಗ ಏರುತ್ತೆ. ಎಷ್ಟೋ ಕಾರುಗಳಲ್ಲಿ ಒಂದು ನಿಯಮ ಇರುತ್ತೆ. ಆಕ್ಸಿಲರೇಟರ್ ಬಿಟ್ಟಿದ್ದು ಆರ್‌ಪಿಎಂ ಒಂದು ಮಿತಿಗಿಂತ ಮೇಲಿದ್ದರೆ, ಗಾಡಿ ಇಳಿಜಾರಿನಲ್ಲಿದೆ ಅಂತ ತಿಳಿದು ಪೆಟ್ರೋಲ್ ನಿಲ್ಲಿಸು ಅಂತ. ಇಸಿಯು ನಿಲ್ಲಿಸುತ್ತೆ. ವೇಗ ಕುಸಿಯುತ್ತೆ. ಇಂಜಿನ್ ಆಫ್ ಆಗಬಾರದು ಅಂತ ಮತ್ತೆ ಪೆಟ್ರೋಲ್ ಬಿಡುತ್ತೆ. ಮತ್ತೆ ಏರುತ್ತೆ, ಮತ್ತೆ ನಿಲ್ಲಿಸುತ್ತೆ. ಇಲ್ಲಿ ನಿಯಮದಲ್ಲಿ ತಪ್ಪಿಲ್ಲ, ಪೈಪು ಒಡೆದಿದೆ. ಆದರೆ ಡ್ರೈವರ್ ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ ತರ ಕಾಣುತ್ತೆ.

ನಮ್ಮ ಉಸಿರಾಟದಲ್ಲೂ ಇದೇ

ಮೊದಲು ಹೇಳಿದ ನಂಟು ಇದು. ಹೃದಯ ವೈಫಲ್ಯ ಇರೋ ಕೆಲವರ ಉಸಿರಾಟ ನಿದ್ದೆಯಲ್ಲಿ ಹೀಗೇ ಏರಿಳಿಯುತ್ತೆ. ಉಸಿರು ಆಳವಾಗ್ತಾ ಹೋಗುತ್ತೆ, ಆಮೇಲೆ ಮೆಲ್ಲಗಾಗುತ್ತೆ, ಕೆಲವು ಸೆಕೆಂಡ್ ನಿಂತೇಹೋಗುತ್ತೆ, ಮತ್ತೆ ಶುರು. ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ ಇದನ್ನ ವರ್ಣಿಸಿದರು, ಹಾಗಾಗಿ ಚೇನ್–ಸ್ಟೋಕ್ಸ್ ಉಸಿರಾಟ ಅಂತ ಹೆಸರು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅನ್ನೋ ಸುದ್ದಿ ಶ್ವಾಸಕೋಶದಿಂದ ಮಿದುಳಿಗೆ ರಕ್ತದ ಜೊತೆ ಹೋಗಬೇಕು. ಹೃದಯ ದುರ್ಬಲವಾದರೆ ಆ ಸುದ್ದಿ ತಡವಾಗಿ ತಲುಪುತ್ತೆ. ಅದರ ಜೊತೆಗೆ ಮಿದುಳು ಅತಿಯಾಗಿ ಪ್ರತಿಕ್ರಿಯಿಸಿದರೆ ಏರಿಳಿತ ಶುರುವಾಗುತ್ತೆ. 1977ರಲ್ಲಿ ಮೈಕೆಲ್ ಮ್ಯಾಕಿ ಮತ್ತು ಲಿಯಾನ್ ಗ್ಲಾಸ್ ಇಂಥ ಏರಿಳಿತಗಳನ್ನ ತಡ ಇರೋ ಸಮೀಕರಣಗಳಲ್ಲಿ ತೋರಿಸಿದರು.

ರೋಗಿಯ ಉಸಿರು ಏರಿಳಿಯುತ್ತಿದೆ ಅಂದಮಾತ್ರಕ್ಕೆ ಡಾಕ್ಟರು ಶ್ವಾಸಕೋಶವೇ ಕೆಟ್ಟಿದೆ ಅನ್ನಲ್ಲ. ಸುತ್ತಿನಲ್ಲಿ ಎಲ್ಲಿ ತೊಂದರೆ ಇದೆ ಅಂತ ಹುಡುಕ್ತಾರೆ. ಕಾರಿಗೂ ಇದೇ ವಿವೇಕ ಬೇಕು.

ಅಪ್‌ಡೇಟ್ ಏನು ಮಾಡುತ್ತೆ, ಏನು ಮಾಡಲ್ಲ

ಕಾರ್ಬ್ಯುರೇಟರ್ ಕಾಲದಲ್ಲಿ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು, ಕಿವಿಗೊಟ್ಟು ಕೇಳಿ, ಐಡ್ಲಿಂಗ್ ಸ್ಕ್ರೂನ ಕಾಲು ಸುತ್ತು ತಿರುಗಿಸ್ತಿದ್ದರು. ಈಗ ಆ ಸ್ಕ್ರೂ ಸಾವಿರಾರು ಅಂಕಿಗಳ ಪಟ್ಟಿಯಾಗಿ ಇಸಿಯು ಒಳಗಿದೆ. ಇಂಜಿನ್ ಇಷ್ಟು ಬಿಸಿ ಇದ್ದರೆ ಇಷ್ಟು ಗಾಳಿ, ಎಸಿ ಕಂಪ್ರೆಸರ್ ಆನ್ ಆಗೋ ಮುಂಚೆಯೇ ಇಷ್ಟು ಹೆಚ್ಚು, ತಪ್ಪು ಕಂಡರೆ ಇಷ್ಟು ಬಿರುಸಾಗಿ ತಿದ್ದು. ಅಪ್‌ಡೇಟ್ ಅಂದರೆ ಬಹುಮಟ್ಟಿಗೆ ಈ ಅಂಕಿಗಳನ್ನ ಬದಲಿಸೋದು. ಕಾರು ತಯಾರಾದಾಗ ಇಟ್ಟ ಅಂಕಿ ಯಾವುದೋ ಹವೆಗೆ, ಯಾವುದೋ ಎತ್ತರಕ್ಕೆ ಹೊಂದದೇ ಇರಬಹುದು. ಆಗ ಅಪ್‌ಡೇಟ್ ನಿಜವಾದ ಮದ್ದು. ಈ ಕೆಲಸ ಮಾಡೋರಲ್ಲಿ ನಮ್ಮವರೂ ಇದ್ದಾರೆ. ಜರ್ಮನಿಯ ಬಾಷ್ ಕಂಪನಿಗೆ ಬೆಂಗಳೂರಿನಲ್ಲಿ ದೊಡ್ಡ ಸಾಫ್ಟ್‌ವೇರ್ ಕೇಂದ್ರ ಇದೆ, ಜಗತ್ತಿನ ವಾಹನಗಳಿಗೆ ಬೇಕಾದ ಪ್ರೋಗ್ರಾಂ ಬರೆಯೋರು ಅಲ್ಲೂ ಇದ್ದಾರೆ.

ಆದರೆ ಅಪ್‌ಡೇಟ್ ಬಿರುಕು ಬಿಟ್ಟ ಪೈಪನ್ನ ಹೊಲಿಯಲ್ಲ. ಥ್ರಾಟಲ್‌ನಲ್ಲಿ ಕೂತ ಮಸಿ ತೊಳೆಯಲ್ಲ. ಸೋತ ಫ್ಯೂಯಲ್ ಪಂಪಿಗೆ ಶಕ್ತಿ ಕೊಡಲ್ಲ. ಐಡ್ಲಿಂಗನ್ನ ಸ್ವಲ್ಪ ಮೇಲೆ ಇಟ್ಟು ಏರಿಳಿತ ನಿಮ್ಮ ಗಮನಕ್ಕೆ ಬರದ ಹಾಗೆ ಮಾಡಬಹುದು, ಅಷ್ಟೇ.

ಕೆಲವು ಸಲ ಎರಡೂ ಬೇಕಾಗುತ್ತೆ. 2015ರ ಸೆಪ್ಟೆಂಬರ್‌ನಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ ನಿಮಗೆ ನೆನಪಿರಬಹುದು. ಪರೀಕ್ಷೆ ನಡೀತಿದೆ ಅಂತ ಗುರುತಿಸಿ ಹೊಗೆಯನ್ನ ಶುದ್ಧವಾಗಿ ತೋರಿಸೋ ಪ್ರೋಗ್ರಾಂ, ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ. ಅದು ಬೇರೆಯೇ ತೊಂದರೆ, ಆದರೆ ಪರಿಹಾರ ಗಮನಿಸಿ. ಯುರೋಪಿನಲ್ಲಿ 2 ಲೀಟರ್ ಇಂಜಿನ್‌ಗೆ ಬರೀ ಸಾಫ್ಟ್‌ವೇರ್ ಬದಲಿಸಿದರು. 1.6 ಲೀಟರ್ ಇಂಜಿನ್‌ಗೆ ಸಾಫ್ಟ್‌ವೇರ್ ಜೊತೆ ಜಾಲರಿ ಇರೋ ಒಂದು ಪುಟ್ಟ ಕೊಳವೆಯನ್ನೂ ಗಾಳಿಯ ಸೆನ್ಸರ್ ಮುಂದೆ ಕೂರಿಸಿದರು. ಸುಳಿಸುಳಿಯಾಗಿ ಬರೋ ಗಾಳಿಯನ್ನ ಅದು ಶಾಂತ ಮಾಡುತ್ತೆ, ಸೆನ್ಸರ್ ಸರಿಯಾಗಿ ಅಳೆಯುತ್ತೆ. ಅಳತೆಯೇ ತಪ್ಪಿದ್ದರೆ ಲೆಕ್ಕ ಎಷ್ಟು ಸರಿಯಿದ್ದರೂ ಉತ್ತರ ತಪ್ಪೇ.

ಹತ್ತು ದಿನ ಚೆನ್ನಾಗಿತ್ತಲ್ಲ, ಅದು ಹೇಗೆ?

ಈಗ ನ್ಯೂಜೆರ್ಸಿಯವರ ಹತ್ತು ದಿನಕ್ಕೆ ಬರೋಣ. ಇಸಿಯುಗೆ ನೆನಪಿನ ಶಕ್ತಿ ಇದೆ. ಈ ಗಾಡಿಗೆ ಯಾವಾಗಲೂ ಶೇಕಡಾ 6ರಷ್ಟು ಹೆಚ್ಚು ಪೆಟ್ರೋಲ್ ಬೇಕು ಅಂತ ಕಂಡುಕೊಂಡರೆ ಅದನ್ನ ಬರೆದಿಟ್ಟುಕೊಳ್ಳುತ್ತೆ. ಇದಕ್ಕೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಅಂತಾರೆ. ಅಪ್‌ಡೇಟ್ ಹಾಕುವಾಗ ಎಷ್ಟೋ ಸಲ ಈ ನೆನಪು ಅಳಿಸಿಹೋಗುತ್ತೆ. ಬ್ಯಾಟರಿ ಬಿಚ್ಚಿ ಹಾಕಿದರೂ ಹಲವು ಕಾರುಗಳಲ್ಲಿ ಹಾಗೇ ಆಗುತ್ತೆ. ಆಮೇಲೆ ಇಸಿಯು ಮತ್ತೆ ಕಲಿಯಬೇಕು. ಈ ಕಲಿಕೆಯ ದಿನಗಳಲ್ಲಿ ಕೆಲವು ಗಾಡಿ ಇದ್ದಕ್ಕಿದ್ದಂತೆ ಸರಿಹೋದ ಹಾಗೆ ಕಾಣುತ್ತೆ, ಕೆಲವು ಮುಂಚೆಗಿಂತ ಹಾಳಾದ ಹಾಗೆ ಕಾಣುತ್ತೆ. ಎರಡನ್ನೂ ತೀರ್ಪು ಅಂತ ತಗೋಬೇಡಿ.

ಪ್ರಯೋಗಾಲಯದ ಭಾಷೆಯಲ್ಲಿ ಹೇಳೋದಾದರೆ, ಒಂದೇ ಸಲಕ್ಕೆ ಎರಡು ಸಂಗತಿ ಬದಲಾಗಿವೆ. ನಿಯಮವೂ ಬದಲಾಯ್ತು, ನೆನಪೂ ಅಳಿಸಿತು. ಯಾವುದರಿಂದ ಗುಣ ಕಂಡಿತು ಅಂತ ಹೇಳೋಕಾಗಲ್ಲ. ಇನ್ನೊಂದು ಇದೆ. ಜ್ವರ ಏರಿದ ದಿನವೇ ನಾವು ಡಾಕ್ಟರ ಹತ್ತಿರ ಓಡೋದು. ಮಾರನೇ ದಿನ ತಾನಾಗೇ ಇಳಿದರೂ ಹೆಸರು ಮಾತ್ರೆಗೆ. ಬಂದು ಹೋಗೋ ತೊಂದರೆ ಇರೋ ಗಾಡಿಯನ್ನೂ ನಾವು ಅದು ತೀರಾ ಹಾಳಾದ ದಿನವೇ ಸರ್ವೀಸಿಗೆ ಒಯ್ಯೋದು. ಆಮೇಲಿನ ವಾರ ಸುಧಾರಿಸಿದ ಹಾಗೆ ಕಂಡರೆ ಆಶ್ಚರ್ಯ ಇಲ್ಲ.

ಹಾಗಾದರೆ ಗೊತ್ತು ಮಾಡಿಕೊಳ್ಳೋದು ಹೇಗೆ? ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಈಚೆಗೆ ಮಾರಾಟವಾದ ಎಲ್ಲ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ, ಸ್ಟೀರಿಂಗ್ ಹತ್ತಿರ, 16 ಪಿನ್ನಿನ ಓಬಿಡಿ ಪೋರ್ಟ್ ಇರುತ್ತೆ. ಅದಕ್ಕೆ ಹಾಕೋ ಬ್ಲೂಟೂತ್ ರೀಡರ್ ಕಡಿಮೆ ಬೆಲೆಗೇ ಸಿಗುತ್ತೆ, ಫೋನಿನಲ್ಲಿ ನೋಡಬಹುದು. ಬೇರೆ ದೇಶದ ಹೊಸ ಕಾರುಗಳಲ್ಲೂ ಈ ಪೋರ್ಟ್ ಇದೆ.

ಒಂದು, ಇಂಜಿನ್ ಬಿಸಿಯಾದ ಮೇಲೆ ಗಾಡಿಯನ್ನ ಪಾರ್ಕ್‌ನಲ್ಲಿ ನಿಲ್ಲಿಸಿ, ಬಯಲಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ. ಐಡ್ಲಿಂಗ್‌ನಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಟ್ರಿಮ್ ಎರಡನ್ನೂ ಕೂಡಿಸಿ ಬರೆದುಕೊಳ್ಳಿ. ಆಮೇಲೆ 2,500 ಆರ್‌ಪಿಎಂಗೆ ಏರಿಸಿ ಮತ್ತೆ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ ಪ್ಲಸ್ 10ಕ್ಕಿಂತ ಎಷ್ಟೋ ಹೆಚ್ಚಿದ್ದು, ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಕಳ್ಳಗಾಳಿಯ ಅನುಮಾನ ಬಲವಾಗುತ್ತೆ. ಯಾಕೆಂದರೆ ಇಂಜಿನ್ ಕಡಿಮೆ ಗಾಳಿ ಎಳೀತಿರುವಾಗ ಸಣ್ಣ ಬಿರುಕೂ ದೊಡ್ಡ ಪಾಲು, ಜಾಸ್ತಿ ಎಳೆಯುವಾಗ ಅದೇ ಬಿರುಕು ಲೆಕ್ಕಕ್ಕಿಲ್ಲ. ಪಿ0171 ಅನ್ನೋ ಕೋಡ್ ಬಂದಿದ್ದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿ ಅಂತ, ಪಿ0507 ಬಂದಿದ್ದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಹೆಚ್ಚು ಅಂತ ಅರ್ಥ. ಇವು ಅನುಮಾನಗಳು ಮಾತ್ರ. ಖಚಿತ ಮಾಡೋಕೆ ಮೆಕ್ಯಾನಿಕ್ ಪೈಪುಗಳೊಳಗೆ ಹೊಗೆ ಬಿಟ್ಟು ಎಲ್ಲಿ ಸೋರುತ್ತೆ ನೋಡ್ತಾರೆ. ಆ ಪರೀಕ್ಷೆ ಮಾಡಿ ಅಂತ ಕೇಳಿ.

ಎರಡು, ಕ್ಯಾಲಿಬ್ರೇಶನ್ ಐಡಿ ಅನ್ನೋ ಸಂಖ್ಯೆ. ಹಲವು ರೀಡರ್‌ಗಳು ಇದನ್ನ ತೋರಿಸ್ತವೆ. ಅಪ್‌ಡೇಟಿಗೆ ಮುಂಚೆ, ಆಮೇಲೆ ಫೋಟೋ ತೆಗೆದಿಡಿ. ಸಂಖ್ಯೆ ಬದಲಾಗದಿದ್ದರೆ ಹೊಸ ಪ್ರೋಗ್ರಾಂ ನಿಜವಾಗಿ ಹಾಕಿದ್ದೀರಾ ಅಂತ ವಿನಯದಿಂದಲೇ ಕೇಳಬಹುದು.

ಮೂರು, ತೊಂದರೆ ಆದಾಗ ಮುಳ್ಳಿನ ವಿಡಿಯೋ ಮಾಡಿ. ಓಡಿಸುವಾಗ ನೀವು ಮಾಡಬೇಡಿ, ಪಕ್ಕದಲ್ಲಿ ಕೂತವರು ಮಾಡಲಿ. ಇಂಜಿನ್ ತಣ್ಣಗಿತ್ತಾ ಬಿಸಿಯಾಗಿತ್ತಾ, ಎಸಿ ಆನ್ ಇತ್ತಾ, ಹೊರಗೆ ಎಷ್ಟು ಡಿಗ್ರಿ, ಇಷ್ಟು ಬರೆದಿಡಿ. "ನಮಗೆ ಹಾಗೇನೂ ಆಗಲಿಲ್ಲ" ಅನ್ನೋ ಮಾತಿಗೆ ಇದಕ್ಕಿಂತ ಒಳ್ಳೇ ಉತ್ತರ ಇಲ್ಲ.

ನಾಲ್ಕು, ಕಾಗದ. ಪ್ರತಿ ಸಲ ಹೋದಾಗಲೂ ನಿಮ್ಮ ದೂರು ರಿಪೇರಿ ಆರ್ಡರ್‌ನಲ್ಲಿ ಬರಲಿ, ಅವರಿಗೆ ತೊಂದರೆ ಕಾಣದೇ ಹೋದರೂ ಬರಲಿ. ವಾರಂಟಿ ಇದ್ದಾಗಲೇ ದೂರು ದಾಖಲಾಗಿತ್ತು ಅನ್ನೋದು ಮುಂದೆ ವಾದ ಬಂದರೆ ತುಂಬಾ ಮುಖ್ಯ. ಇನ್ನೊಂದು ವಿಷಯ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಇಸಿಯು ಮತ್ತು ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೊಗೆ ನಿಯಂತ್ರಣದ ವಾರಂಟಿ 8 ವರ್ಷ ಅಥವಾ 80,000 ಮೈಲಿ, ಯಾವುದು ಮೊದಲೋ ಅದು. ಸಾಮಾನ್ಯ ವಾರಂಟಿ ಮುಗಿದರೂ ಇದು ಇರುತ್ತೆ. ರೀಕಾಲ್ ಇದೆಯಾ ಅಂತ ನಿಮ್ಮ ಕಾರಿನ 17 ಅಕ್ಷರದ ವಿನ್ ಸಂಖ್ಯೆ ಹಾಕಿ ಎನ್‌ಎಚ್‌ಟಿಎಸ್‌ಎ, ಅಂದರೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ನೋಡಬಹುದು. ಕಂಪನಿಗಳು ಡೀಲರುಗಳಿಗೆ ಕಳಿಸೋ ಸರ್ವೀಸ್ ಬುಲೆಟಿನ್‌ಗಳೂ ಅಲ್ಲಿ ಸಿಗ್ತವೆ. ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ವಿಶ್ವಸಂಸ್ಥೆಯ 156ನೇ ವಾಹನ ನಿಯಮ ಅನ್ವಯಿಸುತ್ತೆ. ಗಾಳಿಯಲ್ಲೇ ಬರೋ ಅಪ್‌ಡೇಟ್ ಹಾಕೋ ಮುಂಚೆ ಅದರ ಉದ್ದೇಶ ಏನು, ಏನು ಬದಲಾಗುತ್ತೆ ಅಂತ ಮಾಲೀಕರಿಗೆ ತಿಳಿಸಬೇಕು.

ನುಗ್ಗೋದು ಬೇರೆ

ಕೊನೆಯದಾಗಿ ಒಂದು ಎಚ್ಚರಿಕೆ. ನಿಂತಲ್ಲಿ ಏರಿಳಿಯೋದು ಬೇರೆ, ಓಡ್ತಿರುವಾಗ ಗಾಡಿ ತಾನಾಗೇ ನುಗ್ಗೋದು ಬೇರೆ. 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಜನ ಸತ್ತ ಅಪಘಾತದ ನಂತರ ಟೊಯೋಟಾ ಲಕ್ಷಾಂತರ ಕಾರುಗಳನ್ನ ವಾಪಸ್ ಕರೆಸಿತು. ಸಿಕ್ಕಿಹಾಕಿಕೊಳ್ಳೋ ಫ್ಲೋರ್ ಮ್ಯಾಟ್ ಮತ್ತು ಅಂಟಿಕೊಳ್ಳೋ ಪೆಡಲ್ ಕಾರಣ ಅಂತ ಕಂಡುಬಂತು. ಥ್ರಾಟಲ್ ತಾನಾಗೇ ದೊಡ್ಡದಾಗಿ ತೆರೆಯೋಕೆ ಎಲೆಕ್ಟ್ರಾನಿಕ್ ಕಾರಣ ಸಿಗಲಿಲ್ಲ ಅಂತ 2011ರಲ್ಲಿ ನಾಸಾ ತಜ್ಞರು ವರದಿ ಕೊಟ್ಟರು. 2013ರಲ್ಲಿ ಒಕ್ಲಹೋಮಾದ ಒಂದು ಮೊಕದ್ದಮೆಯಲ್ಲಿ, ಸಾಫ್ಟ್‌ವೇರ್ ತಜ್ಞರ ಸಾಕ್ಷ್ಯ ಕೇಳಿದ ಜ್ಯೂರಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಸುರಕ್ಷತೆಯ ಬಗ್ಗೆ ಗ್ರಾಹಕರನ್ನ ತಪ್ಪುದಾರಿಗೆ ಎಳೆದ ಆರೋಪಕ್ಕೆ ಕಂಪನಿ 2014ರಲ್ಲಿ 120 ಕೋಟಿ ಡಾಲರ್ ಕಟ್ಟೋಕೆ ಒಪ್ಪಿತು. ಆ ಪ್ರಕರಣದಿಂದ ಬಂದ ಒಂದು ಒಳ್ಳೇ ಅಪ್‌ಡೇಟೂ ಇದೆ: ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡೂ ಒತ್ತಿದ್ದರೆ ಬ್ರೇಕಿನ ಮಾತೇ ಮೇಲು ಅನ್ನೋ ನಿಯಮ.

ನಿಮ್ಮ ಗಾಡಿ ಎಂದಾದರೂ ನುಗ್ಗಿದರೆ ಬ್ರೇಕನ್ನ ಒಮ್ಮೆಗೇ ಬಲವಾಗಿ ಒತ್ತಿ ಹಿಡಿಯಿರಿ. ಬಿಟ್ಟು ಬಿಟ್ಟು ಒತ್ತಬೇಡಿ, ಬ್ರೇಕಿಗೆ ನೆರವಾಗೋ ವ್ಯಾಕ್ಯೂಮ್ ಖಾಲಿಯಾಗುತ್ತೆ. ಗೇರನ್ನ ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ಕಿರುಚಿದರೆ ಕಿರುಚಲಿ, ಚಕ್ರಕ್ಕೆ ಶಕ್ತಿ ಹೋಗಲ್ಲ. ರಸ್ತೆ ಬದಿಗೆ ನಿಲ್ಲಿಸಿದ ಮೇಲೆ ಆಫ್ ಮಾಡಿ. ಮನೆಯಲ್ಲಿ ಕಾರು ಓಡಿಸೋ ಎಲ್ಲರಿಗೂ, ಊರಿಂದ ಬಂದು ಇಲ್ಲಿ ಓಡಿಸೋ ಅಪ್ಪ ಅಮ್ಮನಿಗೂ ಇದನ್ನ ಒಮ್ಮೆ ಹೇಳಿಕೊಡಿ.

ನ್ಯೂಜೆರ್ಸಿಯ ಕೇಳುಗರಿಗೆ ನನ್ನ ಉತ್ತರ ಇದು. ಅಪ್‌ಡೇಟ್ ಸುಳ್ಳಲ್ಲ, ಆದರೆ ಅದು ನಿಯಮವನ್ನ ಮಾತ್ರ ತಿದ್ದುತ್ತೆ. ತೊಂದರೆ ಮರಳಿ ಬಂದಿದೆ ಅಂದರೆ ನಿಯಮದ ಆಚೆಗೂ ಯಾರಾದರೂ ನೋಡಬೇಕು. ನಿಮ್ಮ ಕಾರು ಶಾಲೆ ಮುಂದೆ ಒಮ್ಮೆ ಮುಂದಕ್ಕೆ ಹೋಗಿದೆ, ಆದ್ದರಿಂದ ಎರಡು ತಿಂಗಳು ಕಾಯಬೇಡಿ. ಈ ವಾರವೇ ಟ್ರಿಮ್ ಅಂಕಿ, ವಿಡಿಯೋ ಹಿಡಿದು ಹೋಗಿ, ಹೊಗೆ ಪರೀಕ್ಷೆ ಕೇಳಿ, ದೂರನ್ನ ಬರಹದಲ್ಲಿ ಪಡೆಯಿರಿ. ಏನಾಯ್ತು ಅಂತ ನಮಗೂ ಬರೆದು ತಿಳಿಸಿ.

ಮುಂದಿನ ಕಂತಿನಲ್ಲಿ ಮತ್ತೆ ಜೀವಕೋಶಕ್ಕೆ ವಾಪಸ್. ಅಲ್ಲಿವರೆಗೂ ಹುಷಾರಾಗಿ ಗಾಡಿ ಓಡಿಸಿ. ನಮಸ್ಕಾರ.